ಮಿಕ್ಮಾಕ್ ಬ್ಯಾಂಡ್ ಅಂದರೇನು? ಮೆಂಬರ್ಟೂ ಊರಿನ ಕಥೆ

ಕೆನಡಾದ ಮೂಲನಿವಾಸಿಗಳಾದ ಮಿಕ್ಮಾಕ್ ಜನರ 'ಬ್ಯಾಂಡ್' ಅಂದರೇನು, ಅದಕ್ಕೆ ಯಾಕಿಷ್ಟು ಜಗಳ ಅಂತ ಕೇಳಿದ್ದೀರಿ. 1876ರ ಇಂಡಿಯನ್ ಆಕ್ಟ್ (ಮೂಲನಿವಾಸಿಗಳ ಬಗ್ಗೆ ಕೆನಡಾ ಮಾಡಿದ ಕಾನೂನು) ಪ್ರಕಾರ ಸರ್ಕಾರ ಒಪ್ಪಿಕೊಂಡಿರುವ ಮೂಲನಿವಾಸಿ ಗುಂಪೇ ಬ್ಯಾಂಡ್. ಅದಕ್ಕೊಬ್ಬ ಚೀಫ್, ಒಂದು ಕೌನ್ಸಿಲ್, ವಾಸಕ್ಕೆ ರಿಸರ್ವ್ ಅನ್ನೋ ಜಾಗ. ಆದರೆ ಜಾಗದ ಒಡೆತನ ಸರ್ಕಾರದ್ದು. ಎಡವಟ್ಟು ಶುರುವಾಗೋದೇ ಅಲ್ಲಿ.

ಕೆನಡಾದ ಪೂರ್ವ ತೀರದ ನೋವಾ ಸ್ಕೋಷಿಯಾ ಪ್ರಾಂತ್ಯದ ಮೆಂಬರ್ಟೂ ಬ್ಯಾಂಡನ್ನೇ ನೋಡಿ. ಇವರು ಮೊದಲು ಇದ್ದದ್ದು ಅಲ್ಲಿನ ಸಿಡ್ನಿ (ಆಸ್ಟ್ರೇಲಿಯಾದ್ದಲ್ಲ) ಪಟ್ಟಣದ ಕಿಂಗ್ಸ್ ರೋಡ್‌ನಲ್ಲಿ, ಬಂದರಿನ ಪಕ್ಕದಲ್ಲೇ. ಪಟ್ಟಣ ಬೆಳೆಯಿತು, ಜಾಗಕ್ಕೆ ಬೆಲೆ ಬಂತು. ಪಕ್ಕದಲ್ಲಿ ಆಸ್ತಿ ಇದ್ದ ಜೋಸೆಫ್ ಗಿಲ್ಲೀಸ್ ಅನ್ನೋ ವಕೀಲ, ಮಾಜಿ ಎಂಪಿ ಬೇರೆ, ಇವರನ್ನು ಎಬ್ಬಿಸಿ ಅಂತ ವರ್ಷಗಟ್ಟಲೆ ಬೆನ್ನು ಹತ್ತಿದ. ಅಷ್ಟರಲ್ಲಿ 1911ರಲ್ಲಿ ಇಂಡಿಯನ್ ಆಕ್ಟ್‌ಗೇ ತಿದ್ದುಪಡಿ ಬಂತು: ಕನಿಷ್ಠ 8,000 ಜನ ಇರುವ ಪಟ್ಟಣದೊಳಗೆ ರಿಸರ್ವ್ ಇದ್ದರೆ, ಅಲ್ಲಿನವರು ಒಪ್ಪದಿದ್ದರೂ ಕೋರ್ಟ್ ಮೂಲಕ ಎಬ್ಬಿಸಬಹುದು. 1916ರಲ್ಲಿ ಕೋರ್ಟ್ ಹೂಂ ಅಂದಿತು. ಇವರು ಹೋದರೆ ಸುತ್ತಲಿನ ಆಸ್ತಿಗೆ ಬೆಲೆ ಬರುತ್ತದೆ ಅನ್ನೋದನ್ನೂ ಜಡ್ಜ್ ತೀರ್ಪಿನಲ್ಲೇ ಬರೆದರು, ಸಂಕೋಚವೇ ಇಲ್ಲದೆ. 1926ರ ಹೊತ್ತಿಗೆ ಇಡೀ ಊರೇ ಎತ್ತಂಗಡಿ, ನೀರಿನಿಂದ ದೂರ, ಈಗಿರುವ ಜಾಗಕ್ಕೆ. ಮೀನು ಹಿಡಿದು ಬದುಕುವವರಿಗೆ ಇದು ಹೊಟ್ಟೆ ಮೇಲೆ ಹೊಡೆದ ಹಾಗೇ ಅಲ್ವಾ?

ಅದೇ ಊರಿನ ಡೊನಾಲ್ಡ್ ಮಾರ್ಷಲ್ ಜೂನಿಯರ್ ಹೆಸರು ಕೇಳಿರಬಹುದು. 1971ರಲ್ಲಿ, 17ನೇ ವಯಸ್ಸಿನಲ್ಲಿ, ಮಾಡದ ಕೊಲೆಗೆ ಜೈಲು ಸೇರಿ 11 ವರ್ಷ ಕಳೆದವನು. ಬಿಡುಗಡೆಯಾದ ಮೇಲೂ ಸುಮ್ನೆ ಬಿಡಲಿಲ್ಲ. 1993ರಲ್ಲಿ 210 ಕೆ.ಜಿ. ಹಾವುಮೀನು ಹಿಡಿದು 787 ಡಾಲರ್ 10 ಸೆಂಟ್‌ಗೆ ಮಾರಿದ, ಲೈಸೆನ್ಸ್ ಇಲ್ಲ, ಸೀಸನ್ನೂ ಅಲ್ಲ ಅಂತ ಕೇಸು ಹಾಕಿದರು. 1760-61ರಲ್ಲಿ ಬ್ರಿಟಿಷರ ಜೊತೆ ಮಿಕ್ಮಾಕ್ ಜನ ಮಾಡಿಕೊಂಡ ಒಪ್ಪಂದದಲ್ಲೇ ಈ ಹಕ್ಕು ಇದೆ ಅನ್ನೋದು ಅವನ ವಾದ. 1999ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು: ಸಾಧಾರಣ ಜೀವನಕ್ಕೆ ಬೇಕಾದಷ್ಟು ಮೀನು ಹಿಡಿದು ಮಾರಬಹುದು. 'ಸಾಧಾರಣ' ಅಂದರೆ ಎಷ್ಟು? ನೀವು ಸುದ್ದಿಯಲ್ಲಿ ನೋಡುವ, ಮಿಕ್ಮಾಕ್ ಮತ್ತು ಬೇರೆ ಮೀನುಗಾರರ ನಡುವಿನ ಜಗಳ ಹೆಚ್ಚಾಗಿ ಇದರ ಮೇಲೇ.

ಬ್ಯಾಂಡ್ ಅಂದರೆ ಸರ್ಕಾರದ ದುಡ್ಡಲ್ಲಿ ಕೂತು ತಿನ್ನೋದು ಅನ್ನುವವರಿಗೆ ನಾನು ಹೇಳೋದು ಇಷ್ಟೇ: 2021ರಲ್ಲಿ ಮೆಂಬರ್ಟೂ ಸೇರಿ ಏಳು ಮಿಕ್ಮಾಕ್ ಬ್ಯಾಂಡ್‌ಗಳು ಇನ್ನೊಂದು ಕಂಪನಿಯ ಜೊತೆ ಕೂಡಿ ಕ್ಲಿಯರ್‌ವಾಟರ್ ಅನ್ನೋ ದೊಡ್ಡ ಮೀನು ಕಂಪನಿಯನ್ನೇ ಕೊಂಡುಕೊಂಡವು. ವ್ಯವಹಾರ ಸುಮಾರು 100 ಕೋಟಿ ಡಾಲರಿನದು, ಅದರಲ್ಲಿ ಅರ್ಧ ಪಾಲು ಇವರದು.