ಸಂಪಾದಕರ ಉತ್ತರ: ಮಗನ ಕೈಗೆ ಗಾಳ ಕೊಡಬಹುದಾ?

ಮಂಡ್ಯದಿಂದ ತಾಯಿಯೊಬ್ಬರು ಬರೆದಿದ್ದಾರೆ: "ರಜೆಯಲ್ಲಿ ಮಕ್ಕಳನ್ನು ಕೆರೆಗೆ ಮೀನು ಹಿಡಿಯಲು ಕರೆದುಕೊಂಡು ಹೋಗಿ ಅಂತ ನಿಮ್ಮ ಪತ್ರಿಕೆಯಲ್ಲಿ ಓದಿದೆ. ನಾವು ಮೀನು ತಿನ್ನುವವರೇ. ಆದರೂ ಒಂಬತ್ತು ವರ್ಷದ ಮಗ ಒಂದು ಜೀವ ಒದ್ದಾಡುವುದನ್ನು ನೋಡಿ ಖುಷಿಪಡುವುದು ನನಗೆ ಸರಿ ಕಾಣುತ್ತಿಲ್ಲ. ಅವನ ಅಜ್ಜನಿಗೆ ಕರೆದುಕೊಂಡು ಹೋಗುವ ಆಸೆ. ಇದರಿಂದ ಅವನು ಕಲಿಯುವುದಾದರೂ ಏನು?"

ಅಮ್ಮಾ, ನಿಮ್ಮ ಸಂಕಟ ನ್ಯಾಯವಾದದ್ದೇ. ಮೀನಿಗೆ ನೋವಾಗುವುದಿಲ್ಲ ಅಂತ ಸಮಾಧಾನ ಹೇಳುವವರಿದ್ದಾರೆ, ನಾನು ಹೇಳುವುದಿಲ್ಲ. ಗಾಳ ಚುಚ್ಚುತ್ತದೆ, ಮೀನು ಒದ್ದಾಡುತ್ತದೆ, ಹುಡುಗ ಅದನ್ನು ನೋಡುತ್ತಾನೆ. ಆದರೆ ಮಾರ್ಕೆಟ್ಟಿನಲ್ಲಿ ಕತ್ತರಿಸಿ ಕವರಿಗೆ ಹಾಕಿಕೊಟ್ಟ ಮೀನೂ ಒದ್ದಾಡಿಯೇ ಸತ್ತಿದ್ದು ಅಲ್ವಾ? ಅದು ಅವನ ಕಣ್ಣಿಗೆ ಬೀಳಲಿಲ್ಲ, ಅಷ್ಟೇ. ತಿನ್ನುವ ಮನೆಯ ಮಗು ಅದನ್ನು ಒಮ್ಮೆಯಾದರೂ ನೋಡಿರಬೇಕು. ಅಜ್ಜನ ಜೊತೆ ಕಳಿಸಿ, ಷರತ್ತು ಹಾಕಿ ಕಳಿಸಿ.

ತಿನ್ನುವಷ್ಟೇ ಹಿಡಿಯಬೇಕು. ಇಟ್ಟುಕೊಳ್ಳುವ ಮೀನನ್ನು ದಡದಲ್ಲಿ ಒದ್ದಾಡಲು ಬಿಡದೆ ಅಜ್ಜ ತಕ್ಷಣ ತಲೆಗೆ ಒಂದೇಟು ಹಾಕಿ ಮುಗಿಸಬೇಕು. ಚಿಕ್ಕದಾದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ ವಾಪಸ್ ಬಿಡಬೇಕು, ಯಾಕೆಂದರೆ ಅದರ ಮೈಮೇಲಿನ ಲೋಳೆಯೇ ಅದಕ್ಕೆ ರಕ್ಷಣೆ, ಒಣ ಕೈಗೆ ಅದು ಕಿತ್ತುಬರುತ್ತದೆ. ಮನೆಗೆ ತಂದ ಮೇಲೆ ಮೀನು ಸ್ವಚ್ಛ ಮಾಡುವಾಗ ಹುಡುಗ ಪಕ್ಕದಲ್ಲಿ ಕೂರಬೇಕು. ಕಿವಿರು ಬಿಚ್ಚಿ ನೋಡಲಿ. ಹೊಟ್ಟೆಯಲ್ಲಿ ಏನಿದೆ ಅಂತ ನೋಡಲಿ, ಅದು ಪಾಚಿ ತಿಂದಿತ್ತಾ, ಹುಳ ತಿಂದಿತ್ತಾ ಅಂತ. ಇಷ್ಟೆಲ್ಲ ಮಾಡಿದ ಹುಡುಗ ತಟ್ಟೆಯಲ್ಲಿ ಮೀನು ಬಿಟ್ಟು ಏಳುವುದು ಕಷ್ಟ.

ಇನ್ನು ಕೆರೆಯ ವಿಷಯ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇದೇ. ಗಾಳ ಹಾಕಿ ಕೂತ ಮಗು ನೀರನ್ನು ನೋಡಲೇಬೇಕಾಗುತ್ತದೆ, ಬೇರೆ ಕೆಲಸವೇ ಇರುವುದಿಲ್ಲ. ನಿಮ್ಮ ಕಡೆಯ ಕೆರೆಗಳಲ್ಲಿ ಜಾಸ್ತಿ ಸಿಗುವ ಜಿಲೇಬಿ ಮೀನನ್ನೇ ತೆಗೆದುಕೊಳ್ಳಿ. ಅದರ ಮೂಲ ಆಫ್ರಿಕಾ, ನಮ್ಮ ದೇಶಕ್ಕೆ ತಂದಿದ್ದು 1952ರಲ್ಲಿ. ಬೇಸಿಗೆಯಲ್ಲಿ ನೀರು ಇಳಿದಾಗ ದಡದ ಕೆಸರಿನಲ್ಲಿ ತಟ್ಟೆಯ ಹಾಗೆ ಗುಂಡನೆಯ ಗುಳಿಗಳು ಕಾಣುತ್ತವಲ್ಲ, ಅದು ಗಂಡು ಜಿಲೇಬಿ ತೋಡಿದ ಗೂಡು. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು ಬಾಯಿಗೆ ತುಂಬಿಕೊಳ್ಳುತ್ತದೆ. ಮರಿ ಹೊರಬಂದ ಮೇಲೂ ಭಯವಾದರೆ ಮರಿಗಳೆಲ್ಲ ತಾಯಿಯ ಬಾಯಿಗೇ ಓಡುತ್ತವೆ. ಮುರಲ್ ಮೀನಿನ ಮರಿಗಳು ಕೆಂಪಗೆ ಗುಂಪಾಗಿ ನೀರಿನ ಮೇಲೆ ಬಂದು ಮುಳುಗುತ್ತಿರುತ್ತವೆ, ಕೆಳಗೆ ದೊಡ್ಡ ಮೀನು ಕಾವಲಿರುತ್ತದೆ. ಕಾವಲಿನ ಮೀನು ಗಾಳಕ್ಕೆ ಬೇಗ ಬೀಳುತ್ತದೆ, ಆಮೇಲೆ ಆ ಮರಿಗಳಿಗೆ ಯಾರೂ ಇರುವುದಿಲ್ಲ. ಕೆಂಪು ಮರಿ ಕಂಡ ಕಡೆ ಗಾಳ ಹಾಕಬಾರದು ಅಂತ ಅಜ್ಜನೇ ಹೇಳಿಕೊಡಲಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯದಿರುವುದು ಇಂಥದ್ದೇ ಕಾರಣಕ್ಕೆ. ಒಂಬತ್ತು ವರ್ಷದವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

"ಮಾತಾಡಬೇಡ, ಮೀನು ಓಡುತ್ತೆ" ಅಂತ ಸುಮ್ನೆ ಮಕ್ಕಳನ್ನು ಗದರಬೇಡಿ. ನಮ್ಮ ಮಾತಿನ ಸದ್ದು ನೀರೊಳಗೆ ಹೋಗುವುದು ತೀರಾ ಕಡಿಮೆ. ದಡದಲ್ಲಿ ಕಾಲು ಕುಟ್ಟಿದರೆ ಮಾತ್ರ ಮೀನಿಗೆ ಗೊತ್ತಾಗುತ್ತದೆ, ಮೈಯ ಎರಡೂ ಪಕ್ಕದ ಗೆರೆಯಲ್ಲಿ ಅದು ಅದುರುವಿಕೆಯನ್ನು ಹಿಡಿಯುತ್ತದೆ. ಹಾಗಾಗಿ ಮಾತಾಡಲಿ, ಪ್ರಶ್ನೆ ಕೇಳಲಿ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಯಾಕೆ ಅಂತ ಅವನು ಕೇಳಿಯೇ ಕೇಳುತ್ತಾನೆ. ರಾತ್ರಿಯೆಲ್ಲ ಪಾಚಿಯೂ ಉಸಿರಾಡಿ ನೀರಿನ ಆಮ್ಲಜನಕ ಇಳಿದಿರುತ್ತದೆ, ಅದಕ್ಕೆ. ಅದೇ ಕೆರೆಗೆ ಚರಂಡಿ ನೀರೂ ಸೇರಿದರೆ ಮೀನು ರಾಶಿರಾಶಿ ಸಾಯುತ್ತವೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸತ್ತ ಮೀನುಗಳು ತೇಲಿದ್ದು ನಿಮಗೂ ನೆನಪಿರಬಹುದು. ಗಾಳ ಹಿಡಿದು ಕೂತ ಹುಡುಗನಿಗೆ ಆ ಸುದ್ದಿ ತನ್ನ ಕೆರೆಯ ಸುದ್ದಿಯ ಹಾಗೆಯೇ ತಟ್ಟುತ್ತದೆ.

ಒಂದೂ ಮೀನು ಸಿಗದೆ ವಾಪಸ್ ಬರುವ ದಿನವೂ ಇರುತ್ತದೆ. ಆ ದಿನ ಅಂಗಡಿಯಿಂದ ಮೀನು ತಂದು ಅವನನ್ನು ಸಮಾಧಾನ ಮಾಡಬೇಡಿ. ಬೇಜಾರು ಪಡಲಿ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಭಯ ನನಗಿದೆ. ಹೂಳು ತೆಗೆದ, ಮಣ್ಣು ಸಾಗಿಸಿದ ಕೆರೆಗಳಲ್ಲಿ ಜೆಸಿಬಿ ತೋಡಿದ ಗುಂಡಿಗಳಿರುತ್ತವೆ. ಮೊಣಕಾಲುದ್ದ ನೀರು ಒಂದೇ ಹೆಜ್ಜೆಗೆ ಆಳವಾಗಿಬಿಡುತ್ತದೆ, ಮೇಲಿನಿಂದ ಏನೂ ಗೊತ್ತಾಗುವುದಿಲ್ಲ. ಹುಡುಗ ನೀರಿಗೆ ಇಳಿಯಲೇಬಾರದು, ಗಾಳ ಗಿಡಕ್ಕೆ ಸಿಕ್ಕಿಕೊಂಡರೂ ಸರಿ, ದಾರ ಕತ್ತರಿಸಿ. ಆದರೆ ಕತ್ತರಿಸಿದ ತಂಗೂಸಿಯನ್ನು ಕೈಗೆ ಸಿಕ್ಕಷ್ಟೂ ಸುತ್ತಿ ಮನೆಗೆ ತನ್ನಿ, ಕೊಕ್ಕರೆಗಳ ಕಾಲಿಗೆ ಅದು ಸುತ್ತಿಕೊಳ್ಳುತ್ತದೆ. ಜೊತೆಗೆ ಈಜು ಬರುವ ದೊಡ್ಡವರು ಒಬ್ಬರು ಇರಲೇಬೇಕು. ಅಜ್ಜನಿಗೆ ಈಜು ಬಾರದಿದ್ದರೆ ನೀವೋ ನಿಮ್ಮ ಯಜಮಾನರೋ, ಈಜು ಬಲ್ಲವರು ಯಾರಾದರೂ ಹೋಗಿ. ಬಹಳ ಕೆರೆಗಳಲ್ಲಿ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಗುತ್ತಿಗೆದಾರರನ್ನು ಮೊದಲೇ ಕೇಳಿ, ಮಗನ ಎದುರಿಗೇ ಕೇಳಿ.

ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ ಒತ್ತಾಯವಿಲ್ಲ. ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನು ದೇವರ ಮೀನು ಅಂತ ಯಾರೂ ಹಿಡಿಯುವುದಿಲ್ಲ, ಶೃಂಗೇರಿಯ ತುಂಗೆಯಲ್ಲೂ ಅಷ್ಟೇ. ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಕೂರಿಸಿ. ಗಾಳದ ಮಾತನ್ನು ಅವನೇ ಎತ್ತಿದರೆ ಆಗ ಅಜ್ಜನ ಜೊತೆ ಕಳಿಸುವಿರಂತೆ.

-ಸಂ.