ಸುತ್ತಿಗೆ ಒತ್ತಿ ನೋಡಿದರೆ ಸಾಕಾ?

ಪ್ರಶ್ನೆ: ಸರ್, ನಮ್ಮದು 1993ರಲ್ಲಿ ಕಟ್ಟಿಸಿದ ಆರ್‌ಸಿಸಿ ಮನೆ. ಆಗ ಬೋರಿನ ಸವಳು ನೀರಲ್ಲೇ ಕೆಲಸ ನಡೆದಿತ್ತು. ಈಗ ಅಡುಗೆಮನೆ ಸ್ಲ್ಯಾಬ್ ಕೆಳಗೆ ಉದುರಿ, ತುಕ್ಕು ಹಿಡಿದ ರಾಡು ಕಾಣುತ್ತಿದೆ. ಒಬ್ಬರು ಬಂದು ಪಿಲ್ಲರಿಗೆ ಸುತ್ತಿಗೆಯಂಥ ಉಪಕರಣ ಒತ್ತಿ ನೋಡಿ, ‘ಕಾಂಕ್ರೀಟ್ ಗಟ್ಟಿ ಐತಿ, ಪ್ಲಾಸ್ಟರ್ ಮಾಡಿಸಿ ಮ್ಯಾಲೆ ಇನ್ನೊಂದು ಅಂತಸ್ತು ಹಾಕ್ರಿ’ ಅಂದರು. ನಂಬಬಹುದಾ?
– ಒಬ್ಬ ಓದುಗರು, ಸಿಂಧನೂರು

ಉತ್ತರ: ಅದೊಂದನ್ನೇ ನಂಬಿ ಕಟ್ಟಬೇಡಿ.

ಅವರು ತಂದಿದ್ದು ರಿಬೌಂಡ್ ಹ್ಯಾಮರ್. ಅದು ನೋಡುವುದು ಕಾಂಕ್ರೀಟಿನ ಮೇಲ್ಮೈ ಎಷ್ಟು ಗಟ್ಟಿ ಅನ್ನುವುದನ್ನು ಮಾತ್ರ. ಅದರಿಂದ ಹೇಳುವ ಬಲದ ಅಂದಾಜು ಶೇ. 25ರಷ್ಟು ಆಚೀಚೆ ಆಗಬಹುದು ಅಂತ ಭಾರತೀಯ ಮಾನಕವೇ ಹೇಳಿದೆ. ಹಳೆ ಮನೆಯಲ್ಲಿ ಇನ್ನೂ ಒಂದು ತೊಡಕಿದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದು ಮೇಲ್ಪದರ ಗಟ್ಟಿಯಾಗುತ್ತದೆ, ಹಾಗಾಗಿ ಸುತ್ತಿಗೆ ಜಾಸ್ತಿ ಸಂಖ್ಯೆ ತೋರಿಸುತ್ತದೆ, ಆದರೆ ಅದೇ ಬದಲಾವಣೆ ರಾಡಿನವರೆಗೆ ಹೋದರೆ ರಾಡನ್ನು ಕಾಯುವ ಕ್ಷಾರದ ಗುಣ ಹೋಗಿ ತುಕ್ಕು ಶುರುವಾಗುತ್ತದೆ. ಸಂಖ್ಯೆ ಚೆನ್ನಾಗಿರುತ್ತದೆ, ಒಳಗೆ ರಾಡು ಸವೆಯುತ್ತಿರುತ್ತದೆ.

ಆ ಬದಲಾವಣೆ ಎಷ್ಟು ಆಳ ಇಳಿದಿದೆ ಅಂತ ನೋಡಬಹುದು. ಒಂದು ಚೂರು ಒಡೆದು, ಆ ಹೊಸ ಜಾಗಕ್ಕೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಚೆನ್ನಾಗಿರುವ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಕೆಟ್ಟ ಪದರ ಬಣ್ಣ ಬರದೆ ಹಾಗೇ ಉಳಿಯುತ್ತದೆ. ಆದರೆ ನಿಮ್ಮ ಮನೆಗೆ ಇಷ್ಟು ಸಾಲದು. ಸವಳು ನೀರು ಅಂದಿರಲ್ವಾ, ಅದೇ ನನಗೆ ಜಾಸ್ತಿ ಚಿಂತೆ. ಆರ್‌ಸಿಸಿಗೆ ಕಲಸುವ ನೀರಲ್ಲಿ ಕ್ಲೋರೈಡ್, ಅಂದರೆ ಉಪ್ಪಿನಲ್ಲಿರುವ ಅಂಶ, ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಅಂತ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಕ್ಲೋರೈಡ್ ಜಾಸ್ತಿ ಇದ್ದರೆ ಗುಲಾಬಿ ಬಣ್ಣ ಬಂದ ಕಡೆಯೂ ರಾಡು ತುಕ್ಕು ಹಿಡಿಯುತ್ತದೆ. ಅದಕ್ಕೇ ರಾಡಿನ ಆಳದಲ್ಲಿ ಡ್ರಿಲ್ ಮಾಡಿ ಪುಡಿ ತೆಗೆಸಿ, ಕ್ಲೋರೈಡ್ ಪರೀಕ್ಷೆ ಮಾಡಿಸಿ. ಕಾಂಕ್ರೀಟಿನ ನಿಜವಾದ ಬಲ ತಿಳಿಯಲು ಕನಿಷ್ಠ ಮೂರು ಕೋರ್ (ಯಂತ್ರದಿಂದ ಕೊರೆದು ತೆಗೆಯುವ ಉರುಳೆಯಾಕಾರದ ಕಾಂಕ್ರೀಟ್ ತುಂಡು) ತೆಗೆಸಿ ಪರೀಕ್ಷಿಸಬೇಕು. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಕೇಳಿ ನೋಡಿ.

ಸುಮ್ನೆ ಪ್ಲಾಸ್ಟರ್ ಮೆತ್ತಿಸಬೇಡಿ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ, ಹೊಸ ಪ್ಲಾಸ್ಟರನ್ನೂ ತಳ್ಳಿ ಬೀಳಿಸುತ್ತದೆ. ಸಡಿಲ ಕಾಂಕ್ರೀಟ್ ಕೆತ್ತಿಸಿ, ರಾಡಿನ ತುಕ್ಕು ಉಜ್ಜಿಸಿ, ಎಷ್ಟು ದಪ್ಪ ಉಳಿದಿದೆ ಅಂತ ಕ್ಯಾಲಿಪರ್‌ನಲ್ಲಿ ಅಳೆಸಿ. ಬಹಳ ಸವೆದಿದ್ದರೆ ಹೊಸ ರಾಡು ಸೇರಿಸಬೇಕಾಗುತ್ತದೆ.

ಮೇಲಂತಸ್ತಿನ ಮಾತು ಅದಾದ ಮೇಲೆ. ನಿಮ್ಮ ಜಾಗ ಎರೆ ಮಣ್ಣಿನದಾದರೆ ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಒಂದು ಪಿಲ್ಲರ್ ಪಕ್ಕ ಗುಂಡಿ ತೋಡಿಸಿ, ಫುಟಿಂಗ್ (ಪಿಲ್ಲರಿನ ಬುಡದ ಅಡಿಪಾಯ) ಎಷ್ಟು ಅಗಲ, ಎಷ್ಟು ಆಳ ಇದೆ ಅಂತ ಸ್ಟ್ರಕ್ಚರಲ್ ಇಂಜಿನಿಯರಿಗೆ ತೋರಿಸಿ.

ಅಲ್ಲಿಯವರೆಗೆ ಅಡುಗೆ ಬೇರೆ ಕೋಣೆಯಲ್ಲಿ ಮಾಡಿಕೊಳ್ಳಿ. ಆ ಸ್ಲ್ಯಾಬ್ ಮೇಲೆ ನೀರಿನ ಟ್ಯಾಂಕ್ ಇದ್ದರೆ ಇವತ್ತೇ ಖಾಲಿ ಮಾಡಿಸಿ, ಕೆಳಗಿನಿಂದ ಆಸರೆಗೆ ಜಾಕಿ ಕೊಡಿಸಿ.