ವಿಸಿಲ್ ಹಿಡಿದು ಅಮೆರಿಕಕ್ಕೆ ಹೊರಟ ತಂಗಿಗೆ

ತಂಗಿ,

ನಿನ್ನ ಪತ್ರ ಎರಡು ಸಲ ಓದಿದೆ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿದ್ದೀಯ. ಕಾಲೇಜು ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡಿದ್ದೀಯ. ರೆಫ್ರಿ ಪರೀಕ್ಷೆ ಪಾಸಾಗಿ ಎರಡು ವರ್ಷ ಪಂದ್ಯಾಟಗಳಲ್ಲಿ ವಿಸಿಲ್ ಊದಿದ್ದೀಯ. ಈಗ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಆಗಸ್ಟಿನಲ್ಲಿ ಹೊರಡುತ್ತೀಯ. "ಅಕ್ಕಾ, ಅಲ್ಲಿ ರೆಫ್ರಿ ಕೆಲಸದಲ್ಲೇ ಜೀವನ ಮಾಡಬಹುದಾ? ಅಲ್ಲಿಯ ದೊಡ್ಡ ವೃತ್ತಿಪರ ಲೀಗಾದ ಎನ್‌ಬಿಎ ತನಕ ಹೋಗಲಿಕ್ಕೆ ಆಗ್ತದಾ? ಅಲ್ಲಿ ಒಬ್ಬಳೇ ಹೇಗಿರುವುದು?" ಅಂತ ಕೇಳಿದ್ದೀಯ.

ನಾನು ಈಗ ಉಡುಪಿಯಲ್ಲೇ ಇದ್ದೇನೆ. ನಾನು ರೆಫ್ರಿಯಾಗಿರುವ ಅಮೆರಿಕದಲ್ಲಿ ಹೈಸ್ಕೂಲು ಬಾಸ್ಕೆಟ್‌ಬಾಲ್ ನಡೆಯುವುದು ನವೆಂಬರಿನಿಂದ ಮಾರ್ಚ್ ತನಕ. ಹಾಗಾಗಿ ನಾನು ಊರಿಗೆ ಬರುವುದು ಯಾವಾಗಲೂ ಮಳೆಗಾಲದಲ್ಲೇ. ನಿನ್ನೆ ನಾನು ಆಡಿ ಬೆಳೆದ ಸಿಮೆಂಟ್ ಕೋರ್ಟಿನ ಹತ್ತಿರ ಹೋಗಿದ್ದೆ. ತುಂಬಾ ಹಾವಸೆ ಕಟ್ಟಿದೆ, ಗೆರೆಗಳೇ ಕಾಣುವುದಿಲ್ಲ. ಅಲ್ಲಿಂದ ಬಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ವೀಸಾ ವಿಷಯ. ಇದನ್ನು ನಿನಗೆ ಬೇರೆ ಯಾರೂ ಹೇಳಲಿಕ್ಕಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋದವರು ಕ್ಯಾಂಪಸ್ಸಿನ ಹೊರಗೆ ಮ್ಯಾಚ್ ಮಾಡಿ ದುಡ್ಡು ತಗೊಳ್ಳುವ ಹಾಗಿಲ್ಲ. ಒಂದೇ ಮ್ಯಾಚ್ ಆದರೂ ಅಷ್ಟೇ, 30 ಡಾಲರ್ ಆದರೂ ಅಷ್ಟೇ. ಅಲ್ಲಿ ಶನಿವಾರ ಬಂತೆಂದರೆ ಚರ್ಚಿನ ಜಿಮ್ಮಿನಲ್ಲಿ, ಕ್ಲಬ್ಬುಗಳಲ್ಲಿ ಸಣ್ಣ ಮಕ್ಕಳ ಲೀಗ್ ನಡೆಯುತ್ತದೆ. ರೆಫ್ರಿಗಳು ಎಷ್ಟಿದ್ದರೂ ಸಾಲುವುದಿಲ್ಲ. ನಿನಗೆ ವಿಸಿಲ್ ಊದಲು ಬರುತ್ತದೆ ಅಂತ ಗೊತ್ತಾದರೆ ಕರೆದೇ ಕರೆಯುತ್ತಾರೆ. "ಕೈಗೇ ಕ್ಯಾಶ್ ಕೊಡ್ತೇವೆ, ಯಾರಿಗೂ ಗೊತ್ತಾಗುವುದಿಲ್ಲ" ಅನ್ನುತ್ತಾರೆ. ಬೇಡ ಅನ್ನು. ಬಾಯಿ ಬಿಟ್ಟು ಹೇಳಲು ಮುಜುಗರವಾದರೂ ಬೇಡ ಅನ್ನು. ಬೇರೆಯವರಿಗೆ ದುಡ್ಡು ಕೊಟ್ಟು ಮಾಡಿಸುವ ಕೆಲಸವನ್ನು ನೀನು ಪುಕ್ಕಟೆ ಮಾಡಿದರೂ ತೊಂದರೆಗೆ ಸಿಕ್ಕಿಬೀಳಬಹುದು. ಯೂನಿವರ್ಸಿಟಿಯಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆಂದೇ ಒಂದು ಆಫೀಸು ಇರುತ್ತದೆ. ಅಲ್ಲಿ ಕೇಳದೆ ಯಾವುದಕ್ಕೂ ಹೂಂ ಅನ್ನಬೇಡ. ಇಷ್ಟು ಕಷ್ಟಪಟ್ಟು, ಸಾಲ ಮಾಡಿ ಹೋಗುತ್ತೀಯ. ಒಂದು ಮ್ಯಾಚಿನ ಆಸೆಗೆ ಅದನ್ನೆಲ್ಲ ಕಳಕೊಳ್ಳಬಾರದು.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಕ್ಯಾಂಪಸ್ಸಿನ ಒಳಗೆ, ಸೆಮಿಸ್ಟರ್ ನಡೆಯುವಾಗ, ವಾರಕ್ಕೆ 20 ಗಂಟೆ ಕೆಲಸ ಮಾಡಲು ಅವಕಾಶ ಉಂಟು. ದೊಡ್ಡ ಯೂನಿವರ್ಸಿಟಿಗಳಲ್ಲಿ ಇಂಟ್ರಾಮ್ಯೂರಲ್ ಅಂತ ಒಂದು ಲೀಗ್ ಇರುತ್ತದೆ. ಹಾಸ್ಟೆಲಿನವರು, ಡಿಪಾರ್ಟ್‌ಮೆಂಟಿನವರು ತಮ್ಮತಮ್ಮಲ್ಲೇ ತಂಡ ಕಟ್ಟಿಕೊಂಡು ಆಡುವುದು. ಅದಕ್ಕೆ ರೆಫ್ರಿಗಳೂ ವಿದ್ಯಾರ್ಥಿಗಳೇ. ತರಬೇತಿಯನ್ನೂ ಅವರೇ ಕೊಡುತ್ತಾರೆ, ಗಂಟೆಗೆ ಇಷ್ಟು ಅಂತ ಸಂಬಳವನ್ನೂ ಕೊಡುತ್ತಾರೆ. ಅಲ್ಲಿನ ಎಷ್ಟೋ ಒಳ್ಳೆಯ ರೆಫ್ರಿಗಳು ಶುರು ಮಾಡಿದ್ದೇ ಹೀಗೆ. 2004ರಲ್ಲಿ ನಾನು ಹೋದಾಗಲೂ ಹೀಗೇ ಶುರು ಮಾಡಿದೆ. ಹೋದ ಮೊದಲ ವಾರವೇ ಕ್ರೀಡಾ ವಿಭಾಗಕ್ಕೆ ಹೋಗಿ ಹೆಸರು ಕೊಡು. ತರಗತಿ ಶುರುವಾಗಲಿ, ಆಮೇಲೆ ನೋಡೋಣ ಅಂತ ಕೂರಬೇಡ.

ಕಷ್ಟ ಇರುವುದು ಓದು ಮುಗಿದ ಮೇಲೆ. ಕೆಲಸಕ್ಕೆಂದು ಸಿಗುವ ಎಚ್-1ಬಿ ವೀಸಾ ಆದರೆ, ಯಾವ ಕಂಪನಿ ನಿನಗಾಗಿ ಅರ್ಜಿ ಹಾಕಿದೆಯೋ ಆ ಕಂಪನಿಯ ಕೆಲಸ ಮಾತ್ರ ಮಾಡಬೇಕು. ಹೈಸ್ಕೂಲು ರೆಫ್ರಿಗಳು ಅಲ್ಲಿ ಯಾರ ನೌಕರರೂ ಅಲ್ಲ, ಮ್ಯಾಚಿಗೆ ಇಷ್ಟು ಅಂತ ತಗೊಳ್ಳುವವರು. ಆ ವೀಸಾದಲ್ಲಿ ಅದು ನಡೆಯುವುದಿಲ್ಲ. ನನಗೆ ಗ್ರೀನ್ ಕಾರ್ಡ್ ಬಂದದ್ದು 2014ರಲ್ಲಿ. ಕೆಲಸಕ್ಕೆ ಸೇರಿದಲ್ಲಿಂದ ಅಲ್ಲಿಯವರೆಗೆ ಎಂಟು ವರ್ಷ ನಾನು ಒಂದೇ ಒಂದು ಮ್ಯಾಚ್ ಊದಲಿಲ್ಲ. ಶುಕ್ರವಾರ ಸಂಜೆ ಟಿಕೆಟ್ ತಗೊಂಡು ಹತ್ತಿರದ ಹೈಸ್ಕೂಲಿಗೆ ಹೋಗಿ ಕೂರುತ್ತಿದ್ದೆ. ಎಲ್ಲರೂ ಚೆಂಡು ನೋಡುತ್ತಿದ್ದರು, ನಾನು ರೆಫ್ರಿಗಳನ್ನು ನೋಡುತ್ತಿದ್ದೆ. ಯಾರು ಯಾವಾಗ ಜಾಗ ಬದಲಿಸಿದರು, ಯಾರ ಕಣ್ಣು ಎಲ್ಲಿತ್ತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅಂಥ ಐದು ಪುಸ್ತಕ ನನ್ನ ಹತ್ತಿರ ಇವತ್ತಿಗೂ ಉಂಟು. ಈಗ ನಮ್ಮ ದೇಶದವರಿಗೆ ಗ್ರೀನ್ ಕಾರ್ಡಿನ ಕಾಯುವಿಕೆ ಇನ್ನೂ ಉದ್ದವಾಗಿದೆ. ಇದನ್ನು ತಿಳಿದೇ ಹೊರಡು.

ಇನ್ನು ಜೀವನ ಸಾಗಿಸುವ ಮಾತು. ಹೈಸ್ಕೂಲು ಮ್ಯಾಚಿನಿಂದ ಮನೆ ನಡೆಯುವುದಿಲ್ಲ. ನನ್ನ ಜೊತೆ ಊದುವವರಲ್ಲಿ ಒಬ್ಬರು ಮೇಷ್ಟ್ರು, ಒಬ್ಬರು ಅಂಚೆಯವರು, ಇನ್ನೊಬ್ಬರು ನಲ್ಲಿ ಪೈಪಿನ ಕೆಲಸದವರು. ನಾನು ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ನಾಲ್ಕು ಗಂಟೆಗೆ ಆಫೀಸು ಬಿಟ್ಟು, ಹಿಮ ಬಿದ್ದ ರಸ್ತೆಯಲ್ಲಿ ಒಂದೂವರೆ ಗಂಟೆ ಕಾರು ಓಡಿಸಿ, ಕಪ್ಪು-ಬಿಳಿ ಪಟ್ಟೆಯ ಅಂಗಿ ಹಾಕಿ ಕೋರ್ಟಿಗೆ ಇಳಿಯುತ್ತೇನೆ. ನಾನು ಮೊದಲು ಪಡೆದ ಮ್ಯಾಚ್ ಫೀಸು 40 ಡಾಲರ್. ಸಿಕ್ಕಿದ್ದಕ್ಕೆಲ್ಲ ಲೆಕ್ಕ ಇಟ್ಟು ನಾವೇ ತೆರಿಗೆ ಕಟ್ಟಬೇಕು.

ಎನ್‌ಬಿಎ ಬೇರೆಯದೇ ಲೋಕ. ಅಲ್ಲಿ ರೆಫ್ರಿ ಅಂದರೆ ಪೂರ್ತಿ ಹೊತ್ತಿನ ಕೆಲಸ, ಒಳ್ಳೆಯ ಸಂಬಳ. ಆದರೆ ಇಡೀ ಲೀಗಿಗೆ ಇರುವವರು 70ಕ್ಕಿಂತ ಸ್ವಲ್ಪ ಜಾಸ್ತಿ ಜನ. ಹೈಸ್ಕೂಲು, ಕಾಲೇಜು, ಬೇಸಿಗೆಯ ಕ್ಯಾಂಪುಗಳು, ಆಮೇಲೆ ಅದರದ್ದೇ ಕೆಳಹಂತದ ಜಿ ಲೀಗ್. ಹೀಗೆ ಸೋಸಿ ಸೋಸಿ ತಗೊಳ್ಳುತ್ತಾರೆ. ಆಟಗಾರರಿಗಾದರೆ ಅರ್ಧ ಮ್ಯಾಚು ತಮ್ಮ ಊರಿನಲ್ಲಿ. ರೆಫ್ರಿಗೆ ತನ್ನೂರು ಅಂತ ಇಲ್ಲ, ಇವತ್ತು ಒಂದು ಊರು, ನಾಳೆ ಇನ್ನೊಂದು. ಡಿಕ್ ಬವೆಟ್ಟಾ ಎಂಬವರು 1975ರಿಂದ 2014ರ ತನಕ ಎನ್‌ಬಿಎಯಲ್ಲಿ ರೆಫ್ರಿಯಾಗಿದ್ದರು, ಒಂದನ್ನೂ ತಪ್ಪಿಸದೆ ಸಾಲಾಗಿ 2,635 ಮ್ಯಾಚ್ ಮಾಡಿದರು. ಜ್ವರ ಬರಲಿಲ್ಲವೋ, ಮನೆಯಲ್ಲಿ ಮದುವೆ ಮುಂಜಿ ಇರಲಿಲ್ಲವೋ! ಆ ಅಂಕಿ ನೋಡಿದಾಗಲೆಲ್ಲ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಹೆಣ್ಣುಮಕ್ಕಳಿಗೆ ಅಲ್ಲಿ ಜಾಗ ಉಂಟಾ ಅಂತ ನೀನು ಕೇಳಲಿಲ್ಲ. ಆದರೂ ಹೇಳುತ್ತೇನೆ. 1997ರಲ್ಲಿ ವಯಲೆಟ್ ಪಾಮರ್ ಮತ್ತು ಡೀ ಕ್ಯಾಂಟ್ನರ್ ಎನ್‌ಬಿಎಗೆ ಬಂದರು. ಅಲ್ಲಿಯ ತನಕ ಅಮೆರಿಕದ ಗಂಡಸರ ದೊಡ್ಡ ವೃತ್ತಿಪರ ಲೀಗಿನಲ್ಲಿ ಹೆಂಗಸರು ರೆಫ್ರಿ ಆಗುವುದನ್ನು ಯಾರೂ ನೋಡಿರಲಿಲ್ಲ. ಈಗ ಅಲ್ಲಿ ಹಲವು ಮಹಿಳೆಯರಿದ್ದಾರೆ. ಭಾರತ ಮೂಲದ ಸುಯಶ್ ಮೆಹ್ತಾ ಕೂಡ ಎನ್‌ಬಿಎ ರೆಫ್ರಿ ಆಗಿದ್ದಾರೆ. ಅವರು ಅಮೆರಿಕದಲ್ಲೇ ಬೆಳೆದವರು, ನಿನಗಿರುವ ವೀಸಾದ ತೊಡಕು ಅವರಿಗಿರಲಿಲ್ಲ. ಹಾಗಾಗಿ ಎನ್‌ಬಿಎ ಆಗುತ್ತದೆ ಅಂತ ನಾನು ಹೇಳುವುದಿಲ್ಲ, ಆಗುವುದೇ ಇಲ್ಲ ಅಂತಲೂ ಹೇಳುವುದಿಲ್ಲ. ಅದನ್ನೇ ನಂಬಿಕೊಂಡು ಹೋಗಬೇಡ. ಮ್ಯಾಚ್ ಊದುವುದರಲ್ಲೇ ಖುಷಿ ಇದ್ದರೆ ಹೋಗು.

ಈಗ ಕೆಲಸದ ಮಾತಿಗೆ ಬರೋಣ. ಇಲ್ಲಿ ಚೆಂಡಿನ ಹಿಂದೆಯೇ ಓಡಿ ಓಡಿ ನಮಗೆ ರೂಢಿ, ಅಲ್ವಾ? ಅಲ್ಲಿ ನಾನು ಮೊದಲು ಬಿಡಬೇಕಾಗಿ ಬಂದದ್ದೇ ಆ ರೂಢಿಯನ್ನು. ಮೂವರು ರೆಫ್ರಿಗಳಿದ್ದರೆ ಒಬ್ಬರು ಲೀಡ್, ಬಾಸ್ಕೆಟ್ಟಿನ ಹಿಂದಿನ ಗೆರೆಯಲ್ಲಿ. ಒಬ್ಬರು ಟ್ರೇಲ್, ಆಟದ ಹಿಂದಿನಿಂದ. ಇನ್ನೊಬ್ಬರು ಸೆಂಟರ್, ಎದುರು ಬದಿಯಲ್ಲಿ. ಪ್ರತಿಯೊಬ್ಬರಿಗೂ ಒಂದೊಂದು ತುಂಡು ನೆಲ. ಚೆಂಡು ನಿನ್ನ ತುಂಡಿನಲ್ಲಿ ಇಲ್ಲದಿದ್ದರೆ ನೀನು ಚೆಂಡು ನೋಡುವ ಹಾಗೇ ಇಲ್ಲ. ಚೆಂಡು ನಿನ್ನಲ್ಲೇ ಇದ್ದರೂ ನೋಡಬೇಕಾದದ್ದು ಚೆಂಡು ಹಿಡಿದವಳನ್ನಲ್ಲ, ಅವಳನ್ನು ತಡೆಯುವವಳನ್ನು. ಅವಳ ಕಾಲು ಎಲ್ಲುಂಟು, ಮೈ ನೆಟ್ಟಗೆ ಉಂಟಾ, ಕೈ ಮೇಲಕ್ಕೆ ಉಂಟಾ ಅಥವಾ ಮುಂದಕ್ಕೆ ಬಾಗಿತಾ. ಇದಕ್ಕೆ ನನಗೆ ಮೂರು ಸೀಸನ್ ಹಿಡಿಯಿತು.

ಒಂದು ಮ್ಯಾಚಿನ ಕಥೆ ಹೇಳುತ್ತೇನೆ. 2018ರ ಜನವರಿ, ಹುಡುಗಿಯರ ಮ್ಯಾಚು. 8 ಸೆಕೆಂಡ್ ಬಾಕಿ, ಮ್ಯಾಚ್ ನಡೆಯುತ್ತಿದ್ದ ಶಾಲೆಯದ್ದೇ ತಂಡ 1 ಪಾಯಿಂಟ್ ಹಿಂದೆ. ನಾನು ಲೀಡ್. ಅವರ ಪುಟ್ಟ ಹುಡುಗಿಯೊಬ್ಬಳು ಚೆಂಡು ಹಿಡಿದು ನನ್ನ ಬದಿಯಿಂದಲೇ ನುಗ್ಗಿ ಬಂದು ಹಾರಿದಳು. ಎದುರಿಗಿದ್ದವಳು ಎದೆಗೆ ಪೆಟ್ಟು ತಿಂದು ಹಿಂದಕ್ಕೆ ಬಿದ್ದಳು. ಚೆಂಡು ರಿಂಗಿನೊಳಗೆ ಹೋಯಿತು. ನಾನು ಊದಿದೆ. ಮುಷ್ಟಿ ಮೇಲೆ, ಆಮೇಲೆ ಅಂಗೈ ತಲೆಯ ಹಿಂದಕ್ಕೆ. ಚಾರ್ಜ್, ಅಂದರೆ ನುಗ್ಗಿದವಳದ್ದೇ ಫೌಲ್, ಬಾಸ್ಕೆಟ್ ಇಲ್ಲ. ಇಡೀ ಜಿಮ್ಮಿನಲ್ಲಿ ಬೊಬ್ಬೆಯೋ ಬೊಬ್ಬೆ. ಆ ಶಾಲೆ ಸೋತಿತು.

ಮರುದಿನ ವಿಡಿಯೋ ನೋಡಿದೆ. ಹುಡುಗಿ ನೆಲ ಬಿಟ್ಟಾಗಿತ್ತು, ತಡೆಯುವವಳ ಎಡಗಾಲು ಇನ್ನೂ ಜರಗುತ್ತಿತ್ತು. ಹಾರಿದವಳು ಹಾರುವ ಮೊದಲೇ ತಡೆಯುವವಳು ಜಾಗ ಹಿಡಿದಿರಬೇಕು ಅನ್ನುವುದು ನಿಯಮ. ಅದು ಬ್ಲಾಕ್, ಅಂದರೆ ತಡೆದವಳ ಫೌಲ್. ಬಾಸ್ಕೆಟ್ ಲೆಕ್ಕಕ್ಕೆ ಬರಬೇಕಿತ್ತು, ಮೇಲಿಂದ ಒಂದು ಫ್ರೀ ಥ್ರೋ ಕೂಡ. ತಪ್ಪು ನನ್ನದೇ. ಅವಳು ಬೀಳುವುದನ್ನು ನಾನು ನೋಡಿದ್ದೆ, ಕಾಲನ್ನು ನೋಡಿರಲಿಲ್ಲ. ಜೊತೆಗಿದ್ದ ಹಿರಿಯ ರೆಫ್ರಿಗೆ ಫೋನ್ ಮಾಡಿ ಹೇಳಿದೆ. "ಹೌದು, ನಾನೂ ನೋಡಿದೆ. ಮಂಗಳವಾರ ಮ್ಯಾಚ್ ಉಂಟಲ್ಲ, ಅದರಲ್ಲಿ ಕಾಲು ನೋಡು" ಅಂದರು. ಬೇರೆ ಏನೂ ಹೇಳಲಿಲ್ಲ. ಎನ್‌ಬಿಎಯಲ್ಲಾದರೆ 2015ರಿಂದ ಹತ್ತಿರದ ಮ್ಯಾಚುಗಳ ಕೊನೆಯ 2 ನಿಮಿಷದ ತೀರ್ಪುಗಳನ್ನು, ಸರಿ ಯಾವುದು ತಪ್ಪು ಯಾವುದು ಅಂತ, ಲೋಕಕ್ಕೆಲ್ಲ ಕಾಣುವ ಹಾಗೆ ಪ್ರಕಟಿಸುತ್ತಾರೆ. ಆ ಪುಟ್ಟ ಹುಡುಗಿಯ ಮುಖ ನನಗೆ ಈಗಲೂ ಕಣ್ಣೆದುರು ಬರುತ್ತದೆ. ಅಳಲಿಲ್ಲ ಅವಳು. ಚೆಂಡನ್ನು ಎರಡೂ ಕೈಯಲ್ಲಿ ತಂದು ನನಗೇ ಕೊಟ್ಟಳು.

ಬೈಗುಳ ಕೇಳಬೇಕಾಗುತ್ತದೆ. ಅಪ್ಪ ಅಮ್ಮಂದಿರೇ ಜಾಸ್ತಿ ಬೈಯುವುದು. ಒಂದು ಊರಿನಲ್ಲಿ ಒಬ್ಬರು ನಾನು ಅಂಕ ಬರೆಯುವವರ ಟೇಬಲಿಗೆ ಫೌಲ್ ಹೇಳುವಾಗಲೆಲ್ಲ ನನ್ನ ಉಚ್ಚಾರ ಹಿಡಿದು ಅಣಕಿಸುತ್ತಿದ್ದರು. ಶಾಲೆಯವರು ಬಂದು ಅವರನ್ನು ಹೊರಗೆ ಕಳಿಸಿದರು. ಆ ರಾತ್ರಿ ಕಾರಿನಲ್ಲಿ ತುಂಬ ಹೊತ್ತು ಸುಮ್ನೆ ಕೂತಿದ್ದೆ. ನಮ್ಮಲ್ಲಿ ಹೊನಲು ಬೆಳಕಿನ ಪಂದ್ಯಾಟ ಮುಗಿದರೆ ಬೈದವರೇ ಊಟಕ್ಕೆ ಕರೆಯುತ್ತಾರೆ, ಒಟ್ಟಿಗೆ ಕೂತು ಮೀನು ಸಾರು ಉಣ್ಣುತ್ತೇವೆ. ಅಲ್ಲಿ ಬಟ್ಟೆ ಬದಲಿಸಿ, ಕತ್ತಲಲ್ಲಿ, ಆ ಚಳಿಯಲ್ಲಿ ಕಾರಿನ ತನಕ ನಡೆಯಬೇಕು. ಅದಕ್ಕೇ ಜೊತೆಯ ರೆಫ್ರಿಗಳನ್ನು ಬಿಟ್ಟು ಒಬ್ಬಳೇ ಹೊರಗೆ ಬರಬೇಡ. ಮೂವರೂ ಒಟ್ಟಿಗೆ ಬರುವುದು, ಒಟ್ಟಿಗೆ ಹೋಗುವುದು ಅಲ್ಲಿಯ ಪದ್ಧತಿ.

ಒಬ್ಬಳೇ ಹೇಗಿರುವುದು ಅಂತ ಕೇಳಿದೆಯಲ್ಲ? ನನಗೆ ಆ ದೇಶದ ಪರಿಚಯ ಆದದ್ದೇ ಈ ಜಿಮ್ಮುಗಳಿಂದ. ಇಂಡಿಯಾನಾದವರಿಗೆ ಬಾಸ್ಕೆಟ್‌ಬಾಲ್ ಅಂದರೆ ನಮಗೆ ಯಕ್ಷಗಾನ ಇದ್ದ ಹಾಗೆ. ನ್ಯೂ ಕ್ಯಾಸಲ್ ಅಂತ ಒಂದು ಊರುಂಟು. 20 ಸಾವಿರ ಜನವೂ ಇಲ್ಲದ ಊರು. ಅಲ್ಲಿಯ ಹೈಸ್ಕೂಲು ಜಿಮ್ಮಿನಲ್ಲಿ ಸುಮಾರು 8 ಸಾವಿರ ಜನ ಕೂರಬಹುದು! ಅಜ್ಜಿಯರು ಮೊಮ್ಮಕ್ಕಳ ಆಟ ನೋಡಲು ಹೆಣಿಗೆ ಹಿಡಕೊಂಡು ಬರುತ್ತಾರೆ. ನನ್ನ ಆಫೀಸಿನವರು ಇಪ್ಪತ್ತು ವರ್ಷದಲ್ಲಿ ನನ್ನ ಊರು ಯಾವುದು ಅಂತ ಕೇಳಿದ್ದು ಕಡಿಮೆ. ನನ್ನ ಜೊತೆ ಊದುವ ಅಂಚೆಯವರಿಗೆ ಉಡುಪಿ ಗೊತ್ತು, ಮಠ ಗೊತ್ತು, ನನ್ನ ಅಮ್ಮನ ಮೊಣಕಾಲು ನೋವೂ ಗೊತ್ತು. ಗಂಟೆಗಟ್ಟಲೆ ಒಂದೇ ಕಾರಿನಲ್ಲಿ ಹೋಗಿ ಬಂದರೆ ಅಷ್ಟೆಲ್ಲ ಮಾತಾಡದೆ ಇರಲಿಕ್ಕೆ ಆಗುತ್ತದಾ?

ಕೆಲವು ಸಣ್ಣ ವಿಷಯ. ನೀನು 7ನೇ ನಂಬರಿನ ಜೆರ್ಸಿಯಲ್ಲಿ ಆಡಿದವಳು ಅಂತ ಬರೆದಿದ್ದೀಯ. ಅಲ್ಲಿಯ ಹೈಸ್ಕೂಲಿನಲ್ಲಿ 6, 7, 8, 9 ಬರುವ ನಂಬರೇ ಇಲ್ಲ. ರೆಫ್ರಿ ಒಂದೊಂದು ಕೈಯ ಐದು ಬೆರಳಿನಲ್ಲಿ ಒಂದೊಂದು ಅಂಕೆ ತೋರಿಸಬೇಕಲ್ಲ, ಅದಕ್ಕೆ. ನೀನು ಕಲಿತ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಕ್ವಾರ್ಟರಿಗೆ 10 ನಿಮಿಷ, ಅಲ್ಲಿ 8. ಅರ್ಧ ಕೋರ್ಟು ದಾಟಲು ಇಲ್ಲಿ 8 ಸೆಕೆಂಡ್, ಅಲ್ಲಿ 10. ನಿಯಮದ ಪುಸ್ತಕವನ್ನು ಹೊಸದಾಗಿಯೇ ಓದು, ಇಲ್ಲಿಯ ಜ್ಞಾಪಕ ಅಡ್ಡ ಬರುತ್ತದೆ.

ವಿಸಿಲ್ ಮಾತ್ರ ಒಳಗೆ ಕಾಳಿಲ್ಲದ್ದನ್ನೇ ತಗೋ. ನಾನು ಇಲ್ಲಿ ಊದುತ್ತಿದ್ದಾಗ ಮಳೆಯ ನೀರಿಗೆ ಕಾಳು ಅಂಟಿಕೊಂಡು ಎಷ್ಟೋ ಸಲ ಶಬ್ದವೇ ಬರುತ್ತಿರಲಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಫೈನಲ್ಲಿಗೆ ರೆಫ್ರಿಯಾಗಿದ್ದ ಕೆನಡಾದ ರಾನ್ ಫಾಕ್ಸ್‌ಕ್ರಾಫ್ಟ್ ಅವರಿಗೂ ಇದೇ ಕಾಟ. ಕಾಳು ಸಿಕ್ಕಿಕೊಂಡು ವಿಸಿಲ್ ಕೈಕೊಟ್ಟದ್ದರಿಂದ ಬೇಸತ್ತು ಅವರು ಕಾಳೇ ಇಲ್ಲದ ಫಾಕ್ಸ್ 40 ಎಂಬ ವಿಸಿಲ್ ಮಾಡಿಸಿದರು. ಅದು ಮೊದಲು ಕೇಳಿಸಿದ್ದು 1987ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ. ಎಲ್ಲಿ ಗೊತ್ತಾ? ನೀನು ಹೋಗುವ ಇಂಡಿಯಾನಾದ ಇಂಡಿಯಾನಾಪೊಲಿಸ್ಸಿನಲ್ಲಿ.

ನಾನು ಜುಲೈ 28ರ ತನಕ ಇಲ್ಲೇ ಇರುತ್ತೇನೆ. ಬರುವ ಭಾನುವಾರ ಮಂಗಳೂರಿನಿಂದ ಬೆಳಿಗ್ಗಿನ ಬಸ್ಸು ಹಿಡಿದು ಮನೆಗೆ ಬಾ, ನಿನ್ನ ಅಮ್ಮನನ್ನೂ ಕರಕೊಂಡು ಬಾ. ಮಳೆಯಲ್ಲಿ ಕೋರ್ಟಿಗೆ ಇಳಿಯಲಿಕ್ಕೆ ಆಗುವುದಿಲ್ಲ. ಜಗಲಿಯಲ್ಲಿ ಸೀಮೆಸುಣ್ಣದಿಂದ ಕೋರ್ಟು ಬರೆದು, ಹತ್ತು ಅಡಿಕೆ ಆಟಗಾರರು, ಮೂರು ಹುಣಸೆ ಬೀಜ ನಾವು ಅಂತ ಇಟ್ಟು, ಚೆಂಡು ಬದಿ ಬದಲಿಸಿದಾಗ ಯಾರು ಎಲ್ಲಿಗೆ ಸರಿಯಬೇಕು ಅಂತ ತೋರಿಸುತ್ತೇನೆ. ನೋಟ್‌ಬುಕ್ಕುಗಳಲ್ಲಿ ಎರಡನ್ನು ಊರಿಗೆ ತಂದಿದ್ದೇನೆ. ಅವನ್ನು ನೀನು ತಗೊಂಡು ಹೋಗು.